ಊರು ಮಕ್ಕಳಿಗಲ್ಲವೆಂಬ ವಾದ

ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ, ಅವುಗಳಲ್ಲಿಯೂ ವಿಶೇಷವಾಗಿ ಕಲ್ಯಾಣ ನಗರ, ಎಚ್.ಆರ್.ಬಿ.ಆರ್. ಬಡಾವಣೆ, ಕಮ್ಮನಹಳ್ಳಿ, ಬಾಣಸವಾಡಿಗಳ ಸುತ್ತಿನಲ್ಲಿ, ವಿದ್ಯಾವಂತರಾದ ತಾಯ್ತಂದೆಗಳೂ ಶಾಲೆಗಳ ಆಡಳಿತವರ್ಗದವರೂ ಒಮ್ಮತದಿಂದ ಒಪ್ಪಿಕೊಂಡಿರುವ ಅಭಿಪ್ರಾಯವೊಂದಿದೆ. ಆರೇಳೆಂಟು ವರ್ಷದ ಮಕ್ಕಳನ್ನು ಶಾಲೆಯ ಗೇಟಿನಿಂದಾಚೆ, ಕಾಲ್ನಡಿಗೆಯಲ್ಲಿ, ಊರೊಳಗೆ ಕರೆದುಕೊಂಡು ಹೋಗುವುದು ಅವಿವೇಕವೆಂಬುದೇ ಆ ಅಭಿಪ್ರಾಯ. ರಸ್ತೆಯಲ್ಲಿ ವಾಹನಗಳ ದಟ್ಟಣೆ ಮಿತಿಮೀರಿದೆ. ಫುಟ್‌ಪಾತ್ ಹೆಸರಿಗೆ ಮಾತ್ರ ಇದೆ. ಧೂಳು, ಬೀದಿನಾಯಿ, ಅಗೆದು ಬಿಟ್ಟ ಹಳ್ಳ ಎಲ್ಲೆಲ್ಲಿಯೂ ಇವೆ. ಇಷ್ಟು ಅಪಾಯವನ್ನು ತಲೆಯ ಮೇಲೆ ಎಳೆದುಕೊಂಡು ಹೋದರೂ ಅಲ್ಲಿ ನೋಡುವುದಕ್ಕೆ ಏನಿದೆ? ಫೀಲ್ಡ್ ಟ್ರಿಪ್ ಬೇಕೇ ಬೇಕೆಂದರೆ ಎ.ಸಿ. ಬಸ್ಸಿದೆ, ಊರ ಹೊರಗೆ ವಿನೋದದ ಉದ್ಯಾನಗಳಿವೆ. ಊರನ್ನು ದೊಡ್ಡವರಾದ ಮೇಲೆ ನೋಡಿಕೊಂಡರಾಯಿತು. ಹೀಗೆ ಹೇಳುವವರು ಕೆಟ್ಟವರಲ್ಲ. ಮಕ್ಕಳ ಮೇಲಣ ಮಮತೆಯಿಂದಲೇ ಹೇಳುತ್ತಾರೆ. ಆದರೆ ಮಮತೆಯಿಂದ ಹುಟ್ಟಿದ ಮಾತೆಂಬ ಕಾರಣಕ್ಕಾಗಿಯೇ ಯಾರೂ ಅದನ್ನು ಪರೀಕ್ಷಿಸಹೋಗದೆ, ಅದು ಸಿದ್ಧಾಂತದ ಪದವಿಗೇರಿ ಕುಳಿತಿದೆ. ಅದು ವಿಚಾರದ ಮುಂದೆ ನಿಲ್ಲತಕ್ಕ ಮಾತಲ್ಲವೆಂದೂ, ಅದರಿಂದ ಮಕ್ಕಳಿಗೂ ಊರಿಗೂ ಆಗುತ್ತಿರುವ ಹಾನಿ ಅಲ್ಪವಾದುದಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಏಕೆಂದರೆ ಅಪಾಯದ ಮಾತು ಎಷ್ಟು ಗಟ್ಟಿಯಾಗಿ ಕೇಳಿಸಿದರೂ ಅದರ ಬೆನ್ನಿಗೆ ನಿಂತಿರುವುದು ಊರನ್ನು ಕುರಿತ ಈ ತಾತ್ಸಾರವೇ. ಕಲ್ಯಾಣ ನಗರವು ಹಲಸೂರಿನಂತೆ ಸೋಮೇಶ್ವರನ ಗೋಪುರವನ್ನು ನೆರಳಾಗಿ ಪಡೆದ ಊರಲ್ಲ. ಶಿವಾಜಿನಗರದಂತೆ ದಂಡುಪ್ರದೇಶದ ಚರಿತ್ರೆಯನ್ನು ಬೀದಿಬೀದಿಯಲ್ಲಿ ಹೊತ್ತ ಊರೂ ಅಲ್ಲ. 1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹೆಣ್ಣೂರು, ಬಾಣಸವಾಡಿಗಳ ನಡುವಣ ಹಳ್ಳಿಗಳ ಹೊಲಗದ್ದೆಗಳಲ್ಲಿ ನಿವೇಶನಗಳನ್ನು ಹಂಚತೊಡಗಿದ ಮೇಲೆ ಬೆಳೆದ ಸೀಮೆ ಇದು. ಇಲ್ಲಿ ಪ್ರಾಚೀನ ಸ್ಮಾರಕಗಳು ವಿರಳವೆಂಬುದು ನಿಜ. ಆದರೆ ಸ್ಮಾರಕವಿಲ್ಲದ ಕಡೆ ಕಲಿಕೆಗೆ ವಸ್ತುವೇ ಇಲ್ಲವೆಂದು ಭಾವಿಸುವವರು ಏಳು ವರ್ಷದ ಮಗುವಿನ ಬುದ್ಧಿಯ ಸ್ವಭಾವವನ್ನು ಅರಿತವರಲ್ಲ. ಆ ವಯಸ್ಸಿನ ಮಗುವಿಗೆ ಶತಮಾನಗಳ ಲೆಕ್ಕ ತಿಳಿಯದು. ಒಂದು ವಸ್ತು ಎಲ್ಲಿಂದ ಬಂತು, ಯಾರು ತಂದರು, ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಲ್ಲಿ ಅದಕ್ಕೆ ಇರುವಷ್ಟು ಆಸಕ್ತಿ ದೊಡ್ಡವರಲ್ಲಿ ಯಾರಿಗೂ ಇರಲಾರದು. ಆ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದಕ್ಕೆ ಅಡ್ಡರಸ್ತೆಯೊಂದು ಧಾರಾಳವಾಗಿ ಸಾಕು.

ಬೆಳಗಿನ ಹೊತ್ತು ಜಲಮಂಡಳಿಯ ವಾಲ್ವ್‌ಮನ್ ಬಂದು, ರಸ್ತೆಯಲ್ಲಿ ಹುದುಗಿರುವ ಕಬ್ಬಿಣದ ಮುಚ್ಚಳವನ್ನು ಎತ್ತಿ, ತನ್ನ ಎದೆಯೆತ್ತರದ ಕೀಲಿಯನ್ನು ಅದರೊಳಕ್ಕೆ ಇಳಿಬಿಟ್ಟು, ಎರಡು ಕೈಗಳಿಂದಲೂ ಬಲವಾಗಿ ತಿರುಗಿಸುವುದನ್ನು ಹತ್ತು ಹೆಜ್ಜೆ ದೂರದಿಂದ ನೋಡಿದ ಮಗು, ನೆಲದೊಳಗೆ ನೀರು ಮೊರೆದು ಹರಿಯುವ ಸದ್ದನ್ನು ಕೇಳಿದ ಮೇಲೆ, ಮನೆಯ ನಲ್ಲಿಯನ್ನು ಹಿಂದಿನಂತೆ ನೋಡಲಾರದು. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರವನ್ನು ಕ್ರಮಿಸಿ, ಪಂಪುಗಳ ಬಲದಿಂದ ಸುಮಾರು 500 ಮೀಟರು ಎತ್ತರವನ್ನು ಏರಿ ಬಂದ ಕಾವೇರಿಯೆಂಬ ಸಂಗತಿಯನ್ನು ಅದು ಐದಾರು ವರ್ಷ ಕಳೆದ ಮೇಲೆ ಓದಿಕೊಳ್ಳಲಿ. ಈಗ ಅದಕ್ಕೆ ಬೇಕಾದದ್ದು, ತನ್ನ ಮನೆಗೆ ನೀರು ಬರಬೇಕಾದರೆ ಒಬ್ಬ ಮನುಷ್ಯ ನಸುಕಿನಲ್ಲಿ ಎದ್ದು ಬಂದು ಬೆವರು ಸುರಿಸಬೇಕೆಂಬ ಅರಿವು. ಆ ಅರಿವನ್ನು ಯಾವ ಪಠ್ಯಪುಸ್ತಕದ ಚಿತ್ರವೂ ಕೊಡಲಾರದು.

ನೀರು ಬರುವ ದಾರಿಯನ್ನು ತೋರಿಸಿದ ಉಪಾಧ್ಯಾಯರು ಅದು ಹೋಗುವ ದಾರಿಯನ್ನೂ ತೋರಿಸಬಹುದು. ಹೆಬ್ಬಾಳ, ನಾಗವಾರಗಳ ಕಡೆಯಿಂದ ಇಳಿದು ಬರುವ ಮಳೆಯ ನೀರು ರಾಜಕಾಲುವೆಗಳಲ್ಲಿ ಈ ಸೀಮೆಯನ್ನು ಹಾದು, ಹೊರಮಾವಿನಾಚೆ ಕಲ್ಕೆರೆಗೂ, ಅಲ್ಲಿಂದ ರಾಂಪುರದ ಕೆರೆಗೂ, ಎಲೆಮಲ್ಲಪ್ಪ ಶೆಟ್ಟಿಯ ಕೆರೆಗೂ ಸಾಗಿ, ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರಬೇಕಾದದ್ದು. ಆ ದಾರಿಯನ್ನು ನಾವು ಎಲ್ಲೆಲ್ಲಿ ಇಕ್ಕಟ್ಟು ಮಾಡಿದ್ದೇವೆಯೋ ಅಲ್ಲಲ್ಲಿ ಅದು ಮನೆಗಳೊಳಕ್ಕೆ ನುಗ್ಗುತ್ತದೆ. 2025ರ ಮೇ ತಿಂಗಳಿನಲ್ಲಿ ಹೊರಮಾವಿನ ಸಾಯಿ ಲೇಔಟು ಮುಳುಗಿದಾಗ, ರೈಲುಹಳಿಯ ಕೆಳಗೆ ನೀರು ಹಾದುಹೋಗುವ ಕಿಂಡಿ ಕಿರಿದಾಗಿರುವುದನ್ನು ಇಡೀ ನಗರವೇ ಚರ್ಚಿಸಿತು. ಈ ಚರ್ಚೆ ದೊಡ್ಡವರಿಗೆ ಕಷ್ಟವಾಗಿ ಕಂಡಿರಬಹುದು. ಆದರೆ ಅಗಲವಾದ ಕಾಲುವೆಯನ್ನೂ ಅದರ ಮುಂದಿನ ಕಿರಿದಾದ ಕಿಂಡಿಯನ್ನೂ ಸುರಕ್ಷಿತವಾದ ಕಟ್ಟೆಯ ಹಿಂದೆ ನಿಂತು ಒಂದೇ ನೋಟದಲ್ಲಿ ಕಂಡ ಎಂಟು ವರ್ಷದ ಹುಡುಗಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ತನ್ನ ತರಗತಿಯ ಗೆಳತಿಯ ಮನೆಗೆ ನೀರು ನುಗ್ಗಿದ್ದು ಏಕೆಂದು ಅವಳಿಗೆ ಆ ಕ್ಷಣವೇ ಹೊಳೆಯುತ್ತದೆ. ಭೂಗೋಳವೂ ಪೌರನೀತಿಯೂ ಇಷ್ಟು ಹತ್ತಿರ ಹತ್ತಿರ ನಿಂತು ಸಿಕ್ಕುವ ಸ್ಥಳವನ್ನು ಬಿಟ್ಟು, ಬಣ್ಣದ ಜಾರುಬಂಡೆಗಳಿರುವ ಕಡೆಗೆ ದಿನವೆಲ್ಲ ಬಸ್ಸಿನಲ್ಲಿ ಕೊಂಡೊಯ್ಯುವುದನ್ನು ಶೈಕ್ಷಣಿಕ ಪ್ರವಾಸವೆನ್ನುವುದು ಹೇಗೆ?

ಕಮ್ಮನಹಳ್ಳಿಯ ಒಳಬೀದಿಯ ಹಿಟ್ಟಿನ ಗಿರಣಿಯೊಂದರಲ್ಲಿ ಇಂಥ ಒಂದು ಸಣ್ಣ ಗುಂಪನ್ನು ನಾನೇ ನೋಡಿದ್ದೇನೆ. ಎರಡನೆಯ ತರಗತಿಯ ಮಕ್ಕಳು. ಬಾಗಿಲಿನ ಬಳಿ ಗೋಡೆಗೆ ಒತ್ತಿ ನಿಂತಿದ್ದರು. ಗಿರಣಿಯಾಕೆ ರಾಗಿಯನ್ನು ಮೇಲೆ ಸುರಿದು, ಕೆಳಗೆ ಇಳಿಬಿದ್ದ ಬಟ್ಟೆಯ ತೋಳಿನ ಬಾಯಿಗೆ ಡಬ್ಬವನ್ನು ಒಡ್ಡಿ, ತುಂಬಿದ ಮೇಲೆ ಯಂತ್ರವನ್ನು ನಿಲ್ಲಿಸಿ ಡಬ್ಬವನ್ನು ಮಕ್ಕಳ ಮುಂದೆ ಇಟ್ಟಳು. ಒಬ್ಬ ಹುಡುಗ ಹಿಟ್ಟಿನೊಳಗೆ ಬೆರಳು ಇಟ್ಟವನು ಥಟ್ಟನೆ ಕೈಯನ್ನು ಹಿಂದಕ್ಕೆ ಸೆಳೆದುಕೊಂಡು, "ಅಕ್ಕಾ, ಬಿಸಿಯಾಗಿದೆಯಲ್ಲಾ, ಒಲೆ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದ. ಉಪಾಧ್ಯಾಯಿನಿ ಉತ್ತರ ಹೇಳಲಿಲ್ಲ; ಎರಡು ಅಂಗೈಗಳನ್ನೂ ಜೋರಾಗಿ ಉಜ್ಜಿ ಕೆನ್ನೆಗೆ ಒತ್ತಿಕೊಳ್ಳಿರೆಂದು ಎಲ್ಲರಿಗೂ ಹೇಳಿದರು. ಉಜ್ಜಿದರು, ಒತ್ತಿಕೊಂಡರು, ಆಮೇಲೆ ಬೀಸುವ ಕಲ್ಲಿನ ಕಡೆಗೆ ತಿರುಗಿ ನೋಡಿದರು. ಘರ್ಷಣೆಯಿಂದ ಉಷ್ಣವುಂಟಾಗುತ್ತದೆ ಎಂಬ ವಾಕ್ಯವನ್ನು ಆ ಮಕ್ಕಳು ಮುಂದೆ ಎಂದಾದರೂ ಪುಸ್ತಕದಲ್ಲಿ ಓದುವಾಗ, ಅದು ಅವರಿಗೆ ಹೊಸ ಸಂಗತಿಯಾಗಿರುವುದಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ನಮ್ಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಲೇಬೇಕು; ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನೂ ಆಯಿತು. ತಮಿಳು, ಮಲಯಾಳ, ಉರ್ದು, ತೆಲುಗು, ಹಿಂದಿ, ಈಶಾನ್ಯದ ಹಲವು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ಭಾಗದಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡವೆಂದರೆ ಪರೀಕ್ಷೆಯ ವಿಷಯವೇ ಹೊರತು ಊರಿನ ಮಾತಲ್ಲ. ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗು, ಔಷಧಿಯಂಗಡಿಯ ಫಲಕವನ್ನು ಬೀದಿಯಲ್ಲಿ ನಿಂತು ತಾನೇ ಕೂಡಿಸಿ ಓದಿ, ಎಳನೀರಿನವರೊಡನೆ ಎರಡು ಮಾತನಾಡಿ, ಅವರಿಂದ ಉತ್ತರ ಪಡೆದುಕೊಂಡಿತೆಂದರೆ, ಆ ಭಾಷೆಗೂ ಅದಕ್ಕೂ ಒಂದು ನಂಟು ಬೆಳೆಯುತ್ತದೆ. ಕನ್ನಡ ಬೇಕು ಬೇಕೆಂದು ವೇದಿಕೆಗಳಲ್ಲಿ ಕೂಗುವವರು ಇಂಥ ಅರ್ಧ ಗಂಟೆಯನ್ನು ಶಾಲೆಗಳಿಂದ ಕೇಳಿ ಪಡೆಯದಿರುವುದು ನನಗೆ ಆಶ್ಚರ್ಯವನ್ನುಂಟುಮಾಡಿದೆ.

ಇನ್ನು ಅಪಾಯದ ಮಾತು. ಇದನ್ನು ನಾನು ಲಘುವಾಗಿ ಕಾಣುವವನಲ್ಲ. 2022ನೆಯ ಇಸವಿಯೊಂದರಲ್ಲಿಯೇ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರೆಂದೂ, ಅವರಲ್ಲಿ ಹೆಚ್ಚುಕಡಮೆ ಐವರಲ್ಲಿ ಒಬ್ಬರು ಪಾದಚಾರಿಗಳೆಂದೂ ಕೇಂದ್ರಸರ್ಕಾರದ ವರದಿಯೇ ಹೇಳುತ್ತದೆ. ವಸತಿಪ್ರದೇಶದ ಫುಟ್‌ಪಾತ್‌ಗಳಲ್ಲಿ ನಡೆಯುವುದಕ್ಕೆ ಕನಿಷ್ಠ 1.8 ಮೀಟರು ತೆರವು ಇರಬೇಕೆಂದೂ, ಅವುಗಳ ಎತ್ತರ 150 ಮಿಲಿಮೀಟರನ್ನು ಮೀರಬಾರದೆಂದೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ವಿಧಿಸಿದೆ. ಕಲ್ಯಾಣ ನಗರದ ಬೀದಿಗಳಲ್ಲಿ ಟೇಪನ್ನು ಹಿಡಿದು ಹೊರಟರೆ ಈ ಅಳತೆ ಎಷ್ಟು ಕಡೆ ಸಿಕ್ಕೀತೆಂಬುದು ಇಲ್ಲಿ ವಾಸಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಕೃಷ್ಣರಾಜಪುರದಿಂದ ವಿಮಾನನಿಲ್ದಾಣಕ್ಕೆ ಹೋಗುವ ಮೆಟ್ರೋ ಮಾರ್ಗಕ್ಕಾಗಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳು ಎದ್ದಂದಿನಿಂದ ಅದನ್ನು ದಾಟುವುದು ದೊಡ್ಡವರಿಗೇ ಪ್ರಯಾಸವಾಗಿದೆ. ಇವೆಲ್ಲವನ್ನೂ ಒಪ್ಪಿದ ಮೇಲೂ, ಇವುಗಳಿಂದ ಹೊರಡುವ ತೀರ್ಮಾನ ಮಕ್ಕಳನ್ನು ಒಳಗೆ ಕೂಡಿಹಾಕಬೇಕೆಂಬುದು ಹೇಗಾಯಿತು? ಯಾವ ರಸ್ತೆಯಲ್ಲಿ ಮಕ್ಕಳು ಕಾಣಿಸುವುದಿಲ್ಲವೋ ಆ ರಸ್ತೆಯನ್ನು ಮಕ್ಕಳಿಗಾಗಿ ಸರಿಪಡಿಸಬೇಕೆಂದು ಯಾರಿಗೂ ತೋರುವುದಿಲ್ಲ. ಸರಿಪಡಿಸದ ರಸ್ತೆಯಲ್ಲಿ ಮಕ್ಕಳು ಕಾಣಿಸುವುದಿಲ್ಲ. ನಮ್ಮ ಎಚ್ಚರಿಕೆಯೇ ಅಪಾಯಕ್ಕೆ ಆಶ್ರಯವಾಗಿ ಪರಿಣಮಿಸಿರುವುದು ಹೀಗೆ. ನಡೆಯಲು ಯೋಗ್ಯವಾದ, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾದ ಹಕ್ಕೆಂದು 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಹಕ್ಕಿದೆಯೆಂದು ನ್ಯಾಯಾಲಯ ಸಾರಿದಾಗ, ಅದನ್ನು ಚಲಾಯಿಸುವುದೇ ಬೇಡವೆಂದು ಶಾಲೆಗಳು ತೀರ್ಮಾನಿಸುವುದು ನಾಗರಿಕಧರ್ಮಕ್ಕೆ ಒಪ್ಪುವ ನಡತೆಯಲ್ಲ.

ಮಕ್ಕಳು ರಸ್ತೆಯಿಂದ ದೂರವಾಗಿದ್ದಾರೆಂಬುದಾದರೂ ನಿಜವೆ? ದಿನಕ್ಕೆರಡು ಬಾರಿ ಅವರು ಆಟೋಗಳಲ್ಲಿ, ವ್ಯಾನುಗಳಲ್ಲಿ, ಅಪ್ಪನ ಸ್ಕೂಟರಿನ ಮುಂಭಾಗದಲ್ಲಿ ನಿಂತು, ಇದೇ ರಸ್ತೆಯ ಮೇಲೆಯೇ ಸಂಚರಿಸುತ್ತಾರೆ. ರಸ್ತೆಯ ಅಪಾಯವನ್ನೆಲ್ಲ ಪಡೆದು ರಸ್ತೆಯ ಶಿಕ್ಷಣವನ್ನು ಮಾತ್ರ ಪಡೆಯದ ಈ ಮಕ್ಕಳು ಹನ್ನೆರಡನೆಯ ವಯಸ್ಸಿಗೆ ಸೈಕಲ್ ಹಿಡಿದು ಒಬ್ಬೊಬ್ಬರೇ ಹೊರಬಿದ್ದಾಗ, ಬಲಗಡೆಯನ್ನು ಮೊದಲು ನೋಡಬೇಕೆಂಬುದನ್ನಾಗಲಿ, ಏಕಮುಖ ಸಂಚಾರದ ರಸ್ತೆಯಲ್ಲಿಯೂ ಎದುರಾಗಿ ಬರುವ ಬೈಕಿಗಾಗಿ ಎಡಗಡೆಯನ್ನೂ ನೋಡಬೇಕೆಂಬುದನ್ನಾಗಲಿ, ನಿಂತಿರುವ ಕಾರಿನ ಹಿಂದೆ ರಿವರ್ಸ್ ದೀಪ ಹೊತ್ತಿದರೆ ಹೆಜ್ಜೆಯಿಡಬಾರದೆಂಬುದನ್ನಾಗಲಿ ಎಲ್ಲಿ ಕಲಿತಿರುತ್ತಾರೆ? ಗೋಡೆಗೆ ತೂಗುಹಾಕಿದ ಚಾರ್ಟಿನಿಂದ ಇವು ಬರುವುದಿಲ್ಲ. ನಂಬಿಕೆಗೆ ಪಾತ್ರರಾದ ಹಿರಿಯರೊಬ್ಬರ ಕೈ ಹಿಡಿದು, ಅದೇ ತಿರುವನ್ನು ಮತ್ತೆ ಮತ್ತೆ ದಾಟಿದುದರಿಂದ ಬರುತ್ತವೆ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಗುಂಪುಗುಂಪಾಗಿ ನಡೆದೇ ಶಾಲೆಗೆ ಹೋಗುವುದು ಎಷ್ಟೋ ಊರುಗಳಲ್ಲಿ ದಿನನಿತ್ಯದ ಪದ್ಧತಿ. ಆ ಧೈರ್ಯ ಅಲ್ಲಿ ಅಭ್ಯಾಸದಿಂದ ಬಂದದ್ದು.

ದೂರದ ಪ್ರವಾಸವೇ ಕ್ಷೇಮಕರವೆಂಬ ಭಾವನೆಗೂ ಆಧಾರವಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾಪ್ರವಾಸಕ್ಕೆಂದು ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡ ದುಃಖವನ್ನು ಈ ನಾಡು ಮರೆಯಬಾರದು. ಅಪರಿಚಿತವಾದ ನೀರು, ಅಪರಿಚಿತವಾದ ದಾರಿ, ದಣಿದ ಉಪಾಧ್ಯಾಯರು, ರಾತ್ರಿಯ ಪ್ರಯಾಣ: ಇವುಗಳಿಗೆ ಸಹಿ ಹಾಕುವ ಕೈ, ಶಾಲೆಯಿಂದ ಕೂಗಳತೆಯಲ್ಲಿರುವ ಅಂಚೆಕಚೇರಿಗೆ ಹೋಗಿಬರುವ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುತ್ತದೆಂದರೆ, ಅಲ್ಲಿ ಅಪಾಯದ ತೂಕವನ್ನು ಯಾರೂ ಸರಿಯಾಗಿ ಮಾಡಿಲ್ಲವೆಂದೇ ಅರ್ಥ.

ಇದಕ್ಕಿಂತಲೂ ನನ್ನನ್ನು ನೋಯಿಸುವ ಸಂಗತಿಯೊಂದಿದೆ. ಊರು ಮಕ್ಕಳು ನಡೆಯುವುದಕ್ಕೆ ತಕ್ಕುದಲ್ಲವೆಂದು ಸಭೆಗಳಲ್ಲಿ ಹೇಳುವಾಗ, ಯಾವ ಮಕ್ಕಳ ಮಾತನ್ನು ನಾವು ಆಡುತ್ತಿದ್ದೇವೆ? ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುವ ಹುಡುಗಿ ತಮ್ಮನ ಕೈಯನ್ನು ಹಿಡಿದುಕೊಂಡು, ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಇದೇ ಒಡೆದ ಚಪ್ಪಡಿಗಳ ಮೇಲೆ ಪ್ರತಿದಿನವೂ ನಡೆದುಹೋಗುತ್ತಾಳೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳೇ ಐದನೆಯ ತರಗತಿಯವರೆಗಿನ ಶಾಲೆಯು ಒಂದು ಕಿಲೋಮೀಟರಿನ ಕಾಲ್ನಡಿಗೆಯ ದೂರದಲ್ಲಿರಬೇಕೆಂದು ಹೇಳುತ್ತವೆ; ಅಂದರೆ ಆ ಮಗು ನಡೆಯುತ್ತದೆಂದು ರಾಜ್ಯವೇ ಅಂಗೀಕರಿಸಿದೆ. ಅವಳಿಗಾಗಿ ಯಾವ ಬಡಾವಣೆಯ ಸಂಘವೂ ಭಯಪಟ್ಟದ್ದನ್ನು ನಾನು ಕೇಳಿಲ್ಲ. ವ್ಯಾನಿನ ಮಕ್ಕಳೂ ವಾರಕ್ಕೊಮ್ಮೆಯಾದರೂ ಅದೇ ಚಪ್ಪಡಿಯ ಮೇಲೆ ಕಾಲಿಟ್ಟರೆ, ಆ ಚಪ್ಪಡಿಯ ಕ್ಷೇಮ ಇಬ್ಬರ ತಾಯ್ತಂದೆಗಳ ಕಾಳಜಿಯೂ ಆಗುತ್ತದೆ. ಇಲ್ಲವಾದರೆ ಅದು ಬಡವರ ಮಕ್ಕಳ ಹಣೆಬರಹವಾಗಿಯೇ ಉಳಿಯುತ್ತದೆ.

ದೊಡ್ಡವರಾದ ಮೇಲೆ ನೋಡಿಕೊಳ್ಳಲಿ ಎನ್ನುವವರಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಬೆಂಬಲವೂ ಒಂದು ರೀತಿಯಲ್ಲಿ ದೊರೆತಿದೆ. 2020ರ ಆ ನೀತಿಯು ಚೀಲವಿಲ್ಲದ ಹತ್ತು ದಿನಗಳನ್ನು ಆರರಿಂದ ಎಂಟನೆಯ ತರಗತಿಯವರಿಗೆ ವಿಧಿಸಿದೆ. ದಿನಗಳು ಒಳ್ಳೆಯವೇ, ಆದರೆ ಆರಂಭಿಸಿದ್ದು ತಪ್ಪು ತುದಿಯಿಂದ. ಹನ್ನೊಂದು ವರ್ಷದವರು ಪುಸ್ತಕದಿಂದ ಊಹಿಸಿಕೊಳ್ಳಬಲ್ಲರು. ಆರು ವರ್ಷದವರು ಊಹಿಸಿಕೊಳ್ಳಲಾರರು, ಮುಟ್ಟಿ ನೋಡಬೇಕು. ಮಕ್ಕಳ ಭೂಗೋಳ ಅವರ ಸುತ್ತಮುತ್ತಲಿನ ಬೀದಿ, ನದಿ, ಕಟ್ಟಡಗಳಿಂದಲೇ ಹುಟ್ಟಬೇಕೆಂದು ನ್ಯೂಯಾರ್ಕಿನ ಲೂಸಿ ಸ್ಪ್ರೇಗ್ ಮಿಚೆಲ್ 1934ರಲ್ಲಿಯೇ 'ಯಂಗ್ ಜಿಯಾಗ್ರಫರ್ಸ್' ಎಂಬ ಪುಸ್ತಕದಲ್ಲಿ ಪ್ರತಿಪಾದಿಸಿದರು. ಆಗಿನ ನ್ಯೂಯಾರ್ಕ್ ಇಂದಿನ ಕಮ್ಮನಹಳ್ಳಿಗಿಂತ ಶಾಂತವಾದ ಊರೇನೂ ಆಗಿರಲಿಲ್ಲ. ಜ್ಞಾನವನ್ನು ಶಾಲೆಯ ಹೊರಗಿನ ಜೀವನದೊಡನೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊಟ್ಟಮೊದಲನೆಯ ಸೂತ್ರ. ಪಾಠ ಹಿಂದೆ ಬೀಳುತ್ತದೆಂಬ ಆಕ್ಷೇಪಕ್ಕೆ ಇದೇ ಉತ್ತರವಾದ್ದರಿಂದ ಅದನ್ನು ಬೇರೆಯಾಗಿ ಚರ್ಚಿಸುವುದಿಲ್ಲ. ಪರಿಸರ ಅಧ್ಯಯನದ ಪುಸ್ತಕದಲ್ಲಿ ನೆರೆಹೊರೆ, ನೀರು, ಸಾರಿಗೆ, ನಕಾಶೆಗಳೇ ತುಂಬಿರುವಾಗ, ಹೊರಗೆ ಹೋದದ್ದರಿಂದ ಯಾವ ಪಾಠ ನಿಂತಿತು?

ನಡಿಗೆಯ ಪಕ್ಷದವರೆಂದು ಹೇಳಿಕೊಳ್ಳುವವರಲ್ಲಿಯೂ ಕೆಲವರ ಪದ್ಧತಿಯನ್ನು ನಾನು ಒಪ್ಪಲಾರೆ. ಒಂದೇ ಬಣ್ಣದ ಟೋಪಿ ಹಾಕಿಸಿ, ಘೋಷಣೆಯ ಫಲಕ ಹಿಡಿಸಿ, ಫೋಟೋ ತೆಗೆದು ಹಿಂದಿರುಗುವುದು ಮೆರವಣಿಗೆಯೇ ಹೊರತು ಕಲಿಕೆಯಲ್ಲ. ಸೂಪರ್‌ಮಾರ್ಕೆಟ್ಟಿಗೂ ಪಿಜ್ಜಾ ಅಂಗಡಿಗೂ ಪುಟ್ಟ ಮಕ್ಕಳನ್ನು ಕರೆದೊಯ್ದು, ಅವರ ಕೈಗೆ ಕೂಪನ್ನು ಕೊಟ್ಟು ಕಳುಹಿಸುವ ರೂಢಿಯಂತೂ ಶಾಲೆಯ ಘನತೆಗೆ ಕುಂದು. ಹಾಗೆಯೇ ಹಲಸೂರು, ಶಿವಾಜಿನಗರಗಳಿಗೆ ಒಂದನೆಯ ತರಗತಿಯವರನ್ನು ಕರೆದುಕೊಂಡು ಹೋಗಿ, ದಂಡು 1809ರಲ್ಲಿ ಬಂತು, 1949ರಲ್ಲಿ ನಗರದೊಡನೆ ಸೇರಿತು ಎಂದು ಕಂಠಪಾಠ ಮಾಡಿಸುವುದೂ ಅಕಾಲಿಕ. ಆ ಊರುಗಳ ಸರದಿ ಬರುತ್ತದೆ. ಮೊದಲು ಶಾಲೆಯ ಬೀದಿ, ಆಮೇಲೆ ವಾರ್ಡು, ನಾಲ್ಕನೆಯ ತರಗತಿಯ ಹೊತ್ತಿಗೆ ಹಲಸೂರಿನ ಕೆರೆ.

ಮಾಡತಕ್ಕ ಕ್ರಮ ಸರಳವಾದದ್ದು. ಉಪಾಧ್ಯಾಯರು ಹಿಂದಿನ ದಿನ ತಾವೇ ಆ ದಾರಿಯಲ್ಲಿ ನಡೆದು, ಹಳ್ಳ, ತಿರುವು, ನೆರಳು, ಶೌಚಾಲಯಗಳನ್ನು ಗುರುತುಹಾಕಿಕೊಂಡಿರಬೇಕು. ಶಾಲೆ, ಕಚೇರಿಗಳ ನೂಕುನುಗ್ಗಲು ಇಳಿದ ಮೇಲೆ, ಬಿಸಿಲು ಏರುವ ಮೊದಲು, ಜೋಡಿಜೋಡಿಯಾಗಿ ಹಗ್ಗ ಹಿಡಿಸಿ ಹೊರಡಬೇಕು. ಐದಾರು ಮಕ್ಕಳಿಗೆ ಒಬ್ಬ ಹಿರಿಯರಿರಬೇಕು. ಹೊರವರ್ತುಲ ರಸ್ತೆಯನ್ನು ದಾಟುವ ಅಗತ್ಯವೇ ಇಲ್ಲ. ಒಂದು ನಡಿಗೆಗೆ ಒಂದೇ ಪ್ರಶ್ನೆ. ಹಿಂದಿರುಗಿದ ಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ನಡೆದ ದಾರಿಯ ನಕಾಶೆಯನ್ನು ಮಕ್ಕಳೇ ಬರೆಯಬೇಕು. ಯಾರ ನಕಾಶೆಯಲ್ಲಿ ಗಿರಣಿ ಎಡಕ್ಕೆ ಬಂತು, ಯಾರದರಲ್ಲಿ ಬಲಕ್ಕೆ ಬಂತು ಎಂದು ಅವರೇ ಜಗಳವಾಡಿ ಇತ್ಯರ್ಥಮಾಡಿಕೊಳ್ಳಬೇಕು. ನಲವತ್ತು ಮಕ್ಕಳಿಗೆ ಒಬ್ಬರೇ ಉಪಾಧ್ಯಾಯಿನಿಯಿರುವ ಕಡೆ ಇದು ಕಷ್ಟವೆಂಬುದನ್ನು ಬಲ್ಲೆ. ಆದರೆ ಈ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಉದ್ಯಾನಗಳ ಬೆಂಚುಗಳ ಮೇಲೆ ನಿವೃತ್ತರಾದ ಇಂಜಿನಿಯರುಗಳು, ಅಂಚೆನೌಕರರು, ಉಪಾಧ್ಯಾಯರು, ಸೈನಿಕರು ಎಷ್ಟು ಜನ ಕುಳಿತಿರುತ್ತಾರೆ! ಮೊಮ್ಮಕ್ಕಳ ಶಾಲೆಯು ವಾರಕ್ಕೊಂದು ಗಂಟೆಯನ್ನು ಕೇಳಿದರೆ ಇಲ್ಲವೆನ್ನುವವರು ಅವರಲ್ಲಿ ಕಡಮೆ. ಇದುವ‌ರೆಗೆ ಅವರನ್ನು ಕೇಳಿದವರು ಯಾರು?

ಅಂಚೆಕಚೇರಿಗೆ ಹೋದ ದಿನ ಮಕ್ಕಳು ತಮ್ಮ ಬಡಾವಣೆಯ 560043 ಎಂಬ ಪಿನ್‌ಕೋಡನ್ನು ಸ್ವಂತ ಕೈಯಿಂದ ಕಾರ್ಡಿನ ಮೇಲೆ ಬರೆಯಲಿ. ಆ ಕಾರ್ಡಿನ ಬೆಲೆ ಇಂದಿಗೂ 50 ಪೈಸೆ. ನಡೆದು ಬಂದ ದಾರಿಯಲ್ಲಿ ಯಾವ ಚಪ್ಪಡಿ ಒಡೆದಿತ್ತು, ಎಲ್ಲಿ ಟ್ರಾನ್ಸ್‌ಫಾರ್ಮರಿನ ತಂತಿ ಕೈಗೆ ಎಟುಕುವಂತಿತ್ತು, ಎಲ್ಲಿ ಕಾರೊಂದು ಫುಟ್‌ಪಾತಿನ ಮೇಲೆಯೇ ನಿಂತು ತಮ್ಮನ್ನು ರಸ್ತೆಗೆ ಇಳಿಸಿತು ಎಂಬುದನ್ನು ತಮ್ಮ ದುಂಡಕ್ಷರಗಳಲ್ಲಿ ಬರೆದು, ವಾರ್ಡಿನ ಇಂಜಿನಿಯರರಿಗೆ ಹಾಕಲಿ. ಉತ್ತರ ಕೊಡುವುದು ಆ ಕಚೇರಿಯ ಕರ್ತವ್ಯ. ಒಂದು ತಿಂಗಳಿನಲ್ಲಿ ಉತ್ತರ ಬಾರದಿದ್ದರೆ, ಉಪಾಧ್ಯಾಯಿನಿಯವರು ಮಕ್ಕಳನ್ನು ಅದೇ ಚಪ್ಪಡಿಯ ಬಳಿಗೆ ಮತ್ತೆ ಕರೆದುಕೊಂಡು ಹೋಗಿ, ಅದು ಹೇಗಿದೆಯೆಂದು ನೋಡಿಸಿ, ಇನ್ನೊಂದು ಕಾರ್ಡನ್ನು ಬರೆಯಿಸತಕ್ಕದ್ದು.